ಬೈಪೋಲಾರ್ ಮಾತ್ರೆ ಮತ್ತು ಏರುವ ತೂಕ: ಚಿಕಿತ್ಸೆ ಬಿಡದೆ ಹಿಡಿತಕ್ಕೆ ತರುವುದು ಹೇಗೆ?

ಬೈಪೋಲಾರ್, ಅಂದರೆ ಮನಸ್ಸು ಕೆಲವೊಮ್ಮೆ ವಿಪರೀತ ಏರಿ ಕೆಲವೊಮ್ಮೆ ಖಿನ್ನತೆಗೆ ಇಳಿಯುವ ಕಾಯಿಲೆಗೆ, ಮಾತ್ರೆ ಶುರುವಾಗಿ ಎರಡು ಮೂರು ತಿಂಗಳಾಗಿರುತ್ತದೆ. ನಿದ್ದೆ ಹದಕ್ಕೆ ಬಂದಿರುತ್ತದೆ, ಸಿಟ್ಟು ಇಳಿದಿರುತ್ತದೆ, ಮನೆಯವರಿಗೂ ಸ್ವಲ್ಪ ನೆಮ್ಮದಿ. ಅಷ್ಟರಲ್ಲಿ ಪ್ಯಾಂಟಿನ ಹುಕ್ಕು ಕೂರುವುದಿಲ್ಲ, ರವಿಕೆ ಬಿಗಿಯಾಗುತ್ತದೆ. ಯಾವುದೋ ಮದುವೆ ಮನೆಯಲ್ಲಿ ನೆಂಟರೊಬ್ಬರು "ಏನಮ್ಮಾ, ಹಿಂಗ್ ಊದ್ಕೊಂಡ್ಬಿಟ್ಟಿದ್ದೀಯ?" ಅಂತ ಎಲ್ಲರ ಎದುರಿಗೇ ಕೇಳುತ್ತಾರೆ. ಆಮೇಲೆ ಬಹಳ ಜನ ಮಾಡುವುದು ಒಂದೇ ಕೆಲಸ. ಯಾರಿಗೂ ಹೇಳದೆ ರಾತ್ರಿಯ ಮಾತ್ರೆ ನಿಲ್ಲಿಸುತ್ತಾರೆ.

ಹಾಗೆ ನಿಲ್ಲಿಸಬಾರದು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅಷ್ಟು ಹೇಳಿ ಸುಮ್ಮನಾಗುವುದು ಅನ್ಯಾಯ. ತೂಕ ಏರುವುದು ನಿಜವಾದ ತೊಂದರೆ. ಅದನ್ನು ಸಹಿಸಿಕೊಂಡಿರಿ ಅನ್ನುವುದಕ್ಕಿಂತ, ಅದಕ್ಕೂ ಚಿಕಿತ್ಸೆ ಕೇಳಿ ಅನ್ನುವುದು ಸರಿ. ಬೈಪೋಲಾರ್ ಇರುವವರ ಆಯಸ್ಸು ಕಡಿಮೆಯಾಗಲು ಮುಖ್ಯ ಕಾರಣಗಳಲ್ಲಿ ಹೃದಯದ ಕಾಯಿಲೆಯೂ ಒಂದು. ಹಾಗಾಗಿ ಸೊಂಟದ ಸುತ್ತಳತೆಯ ಬಗ್ಗೆ ಮಾತಾಡುವುದು ಚಂದದ ಚಿಂತೆ ಮಾತ್ರ ಅಲ್ಲ. ಅದು ಚಿಕಿತ್ಸೆಯ ಭಾಗ.

ಮೊದಲು: ಮಾತ್ರೆ ಯಾಕೆ ಸ್ವಂತವಾಗಿ ನಿಲ್ಲಿಸಬಾರದು

ಮನಸ್ಸಿನ ಏರಿಳಿತ ತಡೆಯುವ ಲಿಥಿಯಂ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಅಪಾಯ ಜಾಸ್ತಿ, ಅದರಲ್ಲೂ ಮೇನಿಯಾ, ಅಂದರೆ ನಿದ್ದೆಯೇ ಬೇಡವೆನಿಸಿ ಮನಸ್ಸು ಹಿಡಿತವಿಲ್ಲದೆ ಏರುವ ಸ್ಥಿತಿ. ಆತ್ಮಹತ್ಯೆಯ ಅಪಾಯವನ್ನು ತಗ್ಗಿಸುವ ಗುಣ ಲಿಥಿಯಂಗೆ ಇದೆ, ನಿಲ್ಲಿಸಿದಾಗ ಆ ಕಾಪು ಕೂಡ ಹೋಗುತ್ತದೆ. ಬೇರೆ ಮಾತ್ರೆಗಳನ್ನೂ ಒಮ್ಮೆಲೇ ಬಿಟ್ಟರೆ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ಉಳಿದದ್ದು ತಾನೇ ಕೆಡುತ್ತದೆ. ಒಂದು ಸಲ ಕಾಯಿಲೆ ಮರುಕಳಿಸಿದರೆ ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಇನ್ನೂ ಹೆಚ್ಚಿನ ಡೋಸ್ ಬೇಕಾಗುತ್ತದೆ. ಆಗ ತೂಕ ಮತ್ತೆ ಏರುತ್ತದೆ. ಅಂದರೆ ತೂಕಕ್ಕಾಗಿ ಮಾತ್ರೆ ಬಿಟ್ಟವರಿಗೆ ಕೊನೆಗೆ ತೂಕವೂ ಉಳಿಯುತ್ತದೆ, ಕಾಯಿಲೆಯೂ ಉಳಿಯುತ್ತದೆ.

ಈಗಾಗಲೇ ಬಿಟ್ಟಿದ್ದೀರಾ? ಡಾಕ್ಟರಿಗೆ ಇವತ್ತೇ ಫೋನ್ ಮಾಡಿ ಹೇಳಿ. ಹಳೇ ಡೋಸ್ ಅನ್ನು ನೀವೇ ಮತ್ತೆ ಶುರು ಮಾಡಬೇಡಿ. ಡಾಕ್ಟರ್ ಸಿಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಯಾವ ಮಾತ್ರೆಯಿಂದ ಎಷ್ಟು?

ಎಲ್ಲ ಮಾತ್ರೆಗಳೂ ಒಂದೇ ಅಲ್ಲ. ನಿಮ್ಮ ಚೀಟಿಯಲ್ಲಿರುವ ಹೆಸರು ಯಾವ ಸಾಲಿಗೆ ಬರುತ್ತದೆ ಎಂದು ನೋಡಿಕೊಳ್ಳಿ. ಅಂಗಡಿಯಲ್ಲಿ ಕೊಡುವ ಹಾಳೆಯ ಮೇಲೆ ಕಂಪನಿ ಇಟ್ಟ ಹೆಸರು ದೊಡ್ಡದಾಗಿರುತ್ತದೆ, ಔಷಧಿಯ ನಿಜವಾದ ಹೆಸರು ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುತ್ತದೆ.

ಅತಿ ಹೆಚ್ಚು ತೂಕ ಏರಿಸುವುದು ಒಲಾಂಜಪಿನ್ ಮತ್ತು ಕ್ಲೋಜಪಿನ್. ಅವುಗಳ ನಂತರ ಕ್ವೆಟಿಯಾಪಿನ್, ರಿಸ್ಪೆರಿಡೋನ್. ಸೋಡಿಯಂ ವಾಲ್ಪ್ರೊಯೇಟ್ ಮತ್ತು ಲಿಥಿಯಂ ಎರಡೂ ಏರಿಸಬಲ್ಲವು. ಅರಿಪಿಪ್ರಜೋಲ್, ಲುರಾಸಿಡೋನ್‌ನಿಂದ ಸಾಮಾನ್ಯವಾಗಿ ಕಡಿಮೆ. ಲ್ಯಾಮೋಟ್ರಿಜಿನ್‌ನಿಂದ ತೂಕ ಹೆಚ್ಚಾಗುವುದು ಅಪರೂಪ.

ಇದನ್ನು ಓದಿದ ಕೂಡಲೇ "ಹಾಗಾದರೆ ನನಗೆ ಲ್ಯಾಮೋಟ್ರಿಜಿನ್ ಕೊಡಿ" ಅನ್ನಿಸುವುದು ಸಹಜ. ಆದರೆ ಅದು ಹೆಚ್ಚಾಗಿ ಖಿನ್ನತೆ ಮರುಕಳಿಸದಂತೆ ನೋಡಿಕೊಳ್ಳುವ ಮಾತ್ರೆ. ಮೇನಿಯಾ ತಡೆಯುವ ಶಕ್ತಿ ಅದಕ್ಕೆ ಕಡಿಮೆ. ಅದನ್ನು ವಾರಗಟ್ಟಲೆ ಹಿಡಿದು ನಿಧಾನವಾಗಿ ಏರಿಸಬೇಕು, ಇಲ್ಲದಿದ್ದರೆ ಚರ್ಮದ ಮೇಲೆ ಅಪಾಯದ ದದ್ದು ಬರಬಹುದು. ಮಾತ್ರೆಯ ಆಯ್ಕೆಯಲ್ಲಿ ತೂಕ ಒಂದು ಮುಖ್ಯ ವಿಷಯವೇ. ಆದರೆ ಅದೊಂದನ್ನೇ ನೋಡಿ ಆರಿಸುವ ಹಾಗಿಲ್ಲ.

ತೂಕ ಏರುವುದು ನಿಮ್ಮ ಬಾಯಿಚಪಲದಿಂದಲ್ಲ. ಒಲಾಂಜಪಿನ್, ಕ್ವೆಟಿಯಾಪಿನ್‌ನಂಥವು ಮೆದುಳಿನಲ್ಲಿ ಹಿಸ್ಟಮಿನ್, ಸೆರೊಟೋನಿನ್ ಕೆಲಸ ಮಾಡುವ ಕೆಲವು ಜಾಗಗಳನ್ನು ಮುಚ್ಚುತ್ತವೆ. ಹಾಗಾಗಿ "ಸಾಕು, ಹೊಟ್ಟೆ ತುಂಬಿತು" ಎಂಬ ಸೂಚನೆ ಸರಿಯಾಗಿ ಬರುವುದೇ ಇಲ್ಲ. ಅದರ ಜೊತೆ ಮಂಪರು, ಓಡಾಟ ಕಡಿಮೆ. ಲಿಥಿಯಂನಲ್ಲಿ ಬಾಯಾರಿಕೆ ಜಾಸ್ತಿ, ಆ ಬಾಯಾರಿಕೆಗೆ ಸಿಹಿ ಪಾನೀಯ ಕುಡಿದರೆ ಮುಗಿಯಿತು. ಲಿಥಿಯಂ ಥೈರಾಯ್ಡ್ ಅನ್ನೂ ಮಂದ ಮಾಡಬಹುದು, ಅದರಿಂದಲೂ ತೂಕ ಬರುತ್ತದೆ. ಇನ್ನೊಂದು ಮಾತು: ಕೆಲವರಿಗೆ ಖಿನ್ನತೆಯಲ್ಲೇ ಹಸಿವು, ನಿದ್ದೆ ಎರಡೂ ಹೆಚ್ಚುತ್ತವೆ. ಆಗ ತಪ್ಪು ಮಾತ್ರೆಯದ್ದಲ್ಲ, ಖಿನ್ನತೆಗೆ ಚಿಕಿತ್ಸೆ ಸಾಲುತ್ತಿಲ್ಲ ಎಂದು ಅರ್ಥ.

ಹೆಜ್ಜೆ 1: ಒಂದು ನೋಟ್‌ಬುಕ್, ನಾಲ್ಕು ಸಂಖ್ಯೆ

ಹೊಸ ಮಾತ್ರೆ ಶುರುವಾಗುವ ದಿನವೇ ತೂಕ ನೋಡಿಕೊಳ್ಳುವುದು ಒಳ್ಳೆಯದು. ಆ ದಿನ ದಾಟಿದ್ದರೆ ನಾಳೆ ಬೆಳಗ್ಗೆ ನೋಡಿ. ಇಷ್ಟು ಬರೆದಿಡಿ:

- ತೂಕ. ವಾರಕ್ಕೊಮ್ಮೆ, ಒಂದೇ ದಿನ, ಬೆಳಗ್ಗೆ ಶೌಚ ಮುಗಿಸಿ, ತಿಂಡಿಗೆ ಮೊದಲು, ಒಂದೇ ತಕ್ಕಡಿಯಲ್ಲಿ. ದಿನಾ ನೋಡಬೇಡಿ, ನೀರಿನಂಶದಿಂದಲೇ ಅದು ಮೇಲೆ ಕೆಳಗೆ ಆಡುತ್ತಿರುತ್ತದೆ.
- ಸೊಂಟದ ಸುತ್ತಳತೆ. ತಿಂಗಳಿಗೊಮ್ಮೆ, ಟೈಲರ್ ಟೇಪಿನಿಂದ, ಉಸಿರು ಸಹಜವಾಗಿ ಬಿಟ್ಟಾಗ. ನಮ್ಮ ದೇಶದ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರಿಕೆ.
- ಬಿಪಿ.
- ಖಾಲಿ ಹೊಟ್ಟೆಯ ಶುಗರ್, ಕೊಲೆಸ್ಟರಾಲ್. ಶುಗರ್ 100ರಿಂದ 125ರ ನಡುವೆ ಇದ್ದರೆ ಮಧುಮೇಹದ ಹೊಸ್ತಿಲು, 126 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಡಾಕ್ಟರ್ ಮತ್ತೊಮ್ಮೆ ಪರೀಕ್ಷಿಸಿ ನಿರ್ಧರಿಸುತ್ತಾರೆ.

ತೂಕದ ಪಕ್ಕದಲ್ಲೇ ಆ ವಾರದ ನಿದ್ದೆ ಮತ್ತು ಮನಸ್ಸಿನ ಬಗ್ಗೆ ಒಂದು ಸಾಲು ಬರೆಯಿರಿ. "ನಿದ್ದೆ 7 ಗಂಟೆ, ಮನಸ್ಸು ಸುಮಾರು" ಅಷ್ಟೇ ಸಾಕು. ತೂಕ ಏರಿದ್ದು ಡೋಸ್ ಹೆಚ್ಚಿದ ಮೇಲೋ, ಮನಸ್ಸು ಕುಗ್ಗಿದ ಮೇಲೋ ಎಂದು ಆ ಸಾಲಿನಿಂದಲೇ ಗೊತ್ತಾಗುತ್ತದೆ.

ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಅಂದರೆ ಬಿಎಂಐ, ಭಾರತೀಯರಿಗೆ 23 ದಾಟಿದರೇ ಹೆಚ್ಚು, 25 ದಾಟಿದರೆ ಬೊಜ್ಜು. ಹೊರದೇಶದ ಪಟ್ಟಿಗಳಲ್ಲಿ ಕಾಣುವ 25 ಮತ್ತು 30 ನಮಗಲ್ಲ. ನಮ್ಮವರಿಗೆ ಕಡಿಮೆ ತೂಕದಲ್ಲೇ ಹೊಟ್ಟೆಯ ಬೊಜ್ಜು, ಶುಗರ್ ಬರುತ್ತದೆ.

ಬಿಪಿ, ಶುಗರ್ ನೋಡಿಸಲು ದುಡ್ಡು ಖರ್ಚಾಗುತ್ತದೆ ಎಂದು ಹಿಂಜರಿಯಬೇಡಿ. 30 ವರ್ಷ ದಾಟಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇವೆರಡನ್ನೂ ಉಚಿತವಾಗಿ ನೋಡುತ್ತಾರೆ.

ಹೆಜ್ಜೆ 2: ಮೊದಲ ತಿಂಗಳಲ್ಲೇ ಡಾಕ್ಟರಿಗೆ ಹೇಳಿ

ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ತೂಕ ಬೇಗ ಏರುವುದು ಮೊದಲ ಕೆಲವು ತಿಂಗಳಲ್ಲಿ. ಮೊದಲ ತಿಂಗಳಲ್ಲೇ ಜೋರಾಗಿ ಏರಿದವರಿಗೆ ಮುಂದೆಯೂ ಏರುವ ಸಂಭವ ಹೆಚ್ಚು. ಹತ್ತು ಹನ್ನೆರಡು ಕೆ.ಜಿ. ಸೇರಿದ ಮೇಲೆ ಇಳಿಸುವುದಕ್ಕಿಂತ, ಮೂರು ಕೆ.ಜಿ. ಆದಾಗ ತಡೆಯುವುದು ಎಷ್ಟೋ ಸುಲಭ.

ಅಮೆರಿಕದ ಮಧುಮೇಹ ಮತ್ತು ಮನೋವೈದ್ಯರ ಸಂಘಗಳು 2004ರಲ್ಲಿ ಬೇರೆ ಎರಡು ಸಂಘಗಳ ಜೊತೆ ಸೇರಿ ಒಂದು ಸಲಹೆ ಹೊರಡಿಸಿದವು. ಈಗಲೂ ಅದೇ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಒಲಾಂಜಪಿನ್‌ನಂಥ ಮಾತ್ರೆ ಶುರುವಾದ ಮೇಲೆ 4, 8, 12ನೇ ವಾರ ತೂಕ ನೋಡಬೇಕು, ಆಮೇಲೆ ಮೂರು ತಿಂಗಳಿಗೊಮ್ಮೆ. 12ನೇ ವಾರ ಶುಗರ್, ಕೊಲೆಸ್ಟರಾಲ್ ಮತ್ತೆ ನೋಡಬೇಕು. ಶುರುವಿನ ತೂಕಕ್ಕಿಂತ ನೂರಕ್ಕೆ 5ರಷ್ಟು ಏರಿದರೆ ಮಾತ್ರೆ ಬದಲಿಸುವ ಬಗ್ಗೆ ಯೋಚಿಸಬೇಕು. 60 ಕೆ.ಜಿ. ಇದ್ದವರಿಗೆ ಆ ಗೆರೆ 63.

ದೊಡ್ಡ ಆಸ್ಪತ್ರೆಯ ಓಪಿಡಿಯಲ್ಲಿ ಹೇಗಿರುತ್ತದೆ ಗೊತ್ತಲ್ಲ. ಬೆಳಗ್ಗೆಯಿಂದ ಕಾದು, ಒಳಗೆ ಹೋದರೆ ಐದು ನಿಮಿಷ. ಡಾಕ್ಟರ್ ಕಂಪ್ಯೂಟರ್ ನೋಡುತ್ತಾ "ನಿದ್ದೆ ಬರ್ತಿದೆಯಾ? ಸಿಟ್ಟು?" ಎಂದು ಕೇಳುತ್ತಾರೆ. ಜೊತೆಗೆ ಬಂದ ಅಣ್ಣ "ಪರವಾಗಿಲ್ಲ ಸಾರ್, ಆರಾಮಿದಾನೆ" ಅನ್ನುತ್ತಾನೆ. ಅಷ್ಟರಲ್ಲಿ ಚೀಟಿ ಬರೆದಾಗಿರುತ್ತದೆ. ತೂಕದ ಮಾತು ಹಾಗೇ ಉಳಿಯಿತು.

ಅದಕ್ಕೇ ಒಳಗೆ ಹೋದ ಕೂಡಲೇ ನೋಟ್‌ಬುಕ್ ಮೇಜಿನ ಮೇಲೆ ತೆರೆದಿಡಿ. ಮೊದಲ ವಾಕ್ಯವೇ ಇದಾಗಿರಲಿ: "ಮೇಡಂ, ಮಾತ್ರೆ ತಪ್ಪಿಸಿಲ್ಲ. ಮನಸ್ಸು ಸಮಾಧಾನವಾಗಿದೆ. ಆದರೆ ಆರು ವಾರದಲ್ಲಿ ತೂಕ 62ರಿಂದ 67ಕ್ಕೆ ಬಂದಿದೆ. ರಾತ್ರಿ ತುಂಬಾ ಹಸಿವು. ಇದಕ್ಕೇನು ಮಾಡಬಹುದು?" ಹೀಗೆ ಹೇಳಿದರೆ ಯಾವ ಡಾಕ್ಟರಿಗೂ ಪಕ್ಕಕ್ಕೆ ಸರಿಸಲು ಆಗುವುದಿಲ್ಲ. "ಸ್ವಲ್ಪ ದಪ್ಪ ಆಗಿದೀನಿ" ಅಂದರೆ "ವಾಕಿಂಗ್ ಮಾಡಿ" ಎಂಬ ಉತ್ತರ ಬರುತ್ತದೆ.

ಕೇಳಬೇಕಾದ ಪ್ರಶ್ನೆಗಳು ಇವು. ಡೋಸ್ ಇಳಿಸಲು ಈಗ ಸಾಧ್ಯವೇ? ಕಡಿಮೆ ತೂಕ ಏರಿಸುವ ಮಾತ್ರೆಗೆ ಬದಲಿಸಬಹುದೇ? ಮೇನಿಯಾ ಇದ್ದಾಗ ಆಸ್ಪತ್ರೆಯಲ್ಲಿ ಸೇರಿಸಿದ ಮಾತ್ರೆ ಇನ್ನೂ ಬೇಕೇ? (ಈ ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಅಡ್ಮಿಟ್ ಆದಾಗ ಬರೆದ ಮೂರು ಮಾತ್ರೆ ವರ್ಷಗಟ್ಟಲೆ ಹಾಗೇ ಮುಂದುವರಿಯುವುದುಂಟು.) ಬದಲಿಸುವುದಾದರೆ ಹಳೆಯದನ್ನು ಇಳಿಸುತ್ತಾ ಹೊಸದನ್ನು ಏರಿಸುತ್ತಾ ಕೆಲವು ವಾರ ಹಿಡಿಯುತ್ತದೆ. ಆ ವಾರಗಳಲ್ಲಿ ಮನೆಯವರೊಬ್ಬರು ನಿಮ್ಮ ನಿದ್ದೆಯ ಮೇಲೆ ಕಣ್ಣಿಟ್ಟಿರಲಿ. ಮನೆಯಲ್ಲಿ ಮದುವೆ, ಪರೀಕ್ಷೆ, ಹೆರಿಗೆ ಇರುವ ಹೊತ್ತಿನಲ್ಲಿ ಬದಲಾವಣೆ ಬೇಡ ಎಂಬುದು ನನ್ನ ಅಭಿಪ್ರಾಯ.

ಹೆಣ್ಣುಮಕ್ಕಳು ಇನ್ನೂ ಒಂದು ವಿಷಯ ಹೇಳಬೇಕು. ವಾಲ್ಪ್ರೊಯೇಟ್ ತೆಗೆದುಕೊಳ್ಳುವಾಗ ತೂಕ ಏರಿ, ಮುಟ್ಟು ಏರುಪೇರಾಗಿ, ಮುಖದ ಮೇಲೆ ಕೂದಲು ಬಂದರೆ ಅದು ಪಿಸಿಓಎಸ್ ಎಂಬ ಹಾರ್ಮೋನಿನ ತೊಂದರೆ ಇರಬಹುದು. ನಾಚಿಕೆ ಬೇಡ, ಹೇಳಿ. ಗರ್ಭದಲ್ಲಿರುವ ಮಗುವಿನ ಮೆದುಳು, ಬೆನ್ನುಹುರಿಗೆ ಈ ಮಾತ್ರೆ ಹಾನಿ ಮಾಡಬಹುದು. ಆದ್ದರಿಂದ ಮುಂದೆ ಮಗು ಬೇಕು ಅನ್ನುವವರು ಡಾಕ್ಟರ್ ಜೊತೆ ಮೊದಲೇ ಕೂತು ಮಾತಾಡಲೇಬೇಕು.

ಹೆಜ್ಜೆ 3: ತಟ್ಟೆ

ಡಯಟ್ ಚಾರ್ಟ್ ಅಂತ ಓಟ್ಸು, ಬ್ರಾಕೊಲಿ ಬರೆದುಕೊಟ್ಟರೆ ನಾಲ್ಕು ದಿನ ನಡೆಯುತ್ತದೆ, ಐದನೇ ದಿನ ಅನ್ನ ಸಾರಿಗೇ ವಾಪಸ್. ಮನೆಯಲ್ಲಿ ಮಾಡುವ ಅಡುಗೆಯಲ್ಲೇ ಅಳತೆ ಬದಲಿಸುವುದು ಬಾಳಿಕೆ ಬರುವ ದಾರಿ.

ಮಧ್ಯಾಹ್ನದ ತಟ್ಟೆಯನ್ನೇ ನೋಡಿ. ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಅನ್ನ, ಮೂಲೆಯಲ್ಲಿ ಒಂದು ಚಮಚ ಪಲ್ಯ, ಅಂಚಿಗೆ ಉಪ್ಪಿನಕಾಯಿ. ಇದನ್ನು ತಿರುಗಿಸಿ. ಅರ್ಧ ತಟ್ಟೆ ಪಲ್ಯ, ಕೋಸಂಬರಿ, ಹಸಿ ತರಕಾರಿ. ಕಾಲು ಭಾಗ ಕಾಳು, ದಪ್ಪ ಬೇಳೆ, ಮೊಟ್ಟೆ, ಮೀನು ಅಥವಾ ಕೋಳಿ. ಉಳಿದ ಕಾಲು ಭಾಗ ಅನ್ನ, ಮುದ್ದೆ ಅಥವಾ ರೊಟ್ಟಿ. ಮೊದಲು ತರಕಾರಿ ಮತ್ತು ಕಾಳು ತಿನ್ನಿ, ಅನ್ನ ಕೊನೆಗೆ. ಹೀಗೆ ತಿಂದರೆ ಶುಗರ್ ಒಮ್ಮೆಲೇ ಏರುವುದಿಲ್ಲ. ಮಾತ್ರೆಯಿಂದಾಗಿ "ಸಾಕು" ಅನ್ನಿಸುವುದು ತಡವಾಗಿ ತಾನೇ, ಅನ್ನಕ್ಕೆ ಬರುವ ಹೊತ್ತಿಗೆ ಹೊಟ್ಟೆಯಲ್ಲಿ ಹೆಚ್ಚು ಜಾಗ ಇರುವುದಿಲ್ಲ.

ರಾಗಿ ಒಳ್ಳೆಯದು ಅಂತ ಎರಡು ಮುದ್ದೆ, ಮೇಲೆ ಅನ್ನ ಬೇಡ. ರಾಗಿಯೂ ಹಿಟ್ಟೇ. ಒಂದು ಮುದ್ದೆ, ಬಸ್ಸಾರು, ಅದೇ ಬಸಿದ ಸೊಪ್ಪು ಕಾಳಿನ ಪಲ್ಯ ಧಾರಾಳವಾಗಿ ಇದ್ದರೆ ಅದು ಬಹಳ ಒಳ್ಳೆಯ ಊಟ. ಬಡಗಣದವರಿಗೆ ಎರಡು ಜೋಳದ ರೊಟ್ಟಿ, ಹೆಸರುಕಾಳು, ಹಸಿ ಈರುಳ್ಳಿ, ಸೌತೆಕಾಯಿ, ಮೆಂತ್ಯೆ ಸೊಪ್ಪು. ಎಣ್ಣೆಗಾಯಿಯಲ್ಲಿ ತೇಲುವ ಎಣ್ಣೆಯನ್ನು ಬಟ್ಟಲಲ್ಲೇ ಬಿಡಿ. ಮಂಗಳೂರು ಕಡೆಯವರು ಕುಚ್ಚಲಕ್ಕಿ ಗಂಜಿಯ ಅಳತೆ ಇಳಿಸಿ ಮೀನಿನ ಅಳತೆ ಏರಿಸಬಹುದು, ಆದರೆ ಹುರಿದ ಮೀನಿಗಿಂತ ಸಾರಿನ ಮೀನು.

ಕಣ್ಣಿಗೆ ಬೀಳದೆ ಸೇರುವುದು ಸಕ್ಕರೆ ಮತ್ತು ಎಣ್ಣೆ. ದಿನಕ್ಕೆ ನಾಲ್ಕು ಲೋಟ ಕಾಫಿ ಅಥವಾ ಟೀ, ಪ್ರತಿ ಲೋಟಕ್ಕೆ ಎರಡು ಚಿಕ್ಕ ಚಮಚ ಸಕ್ಕರೆ ಅಂದರೆ ಸುಮಾರು 160 ಕ್ಯಾಲೊರಿ, ಹಾಲಿನ ಲೆಕ್ಕ ಬೇರೆ. ವಾರಕ್ಕೆ ಅರ್ಧ ಚಮಚದಂತೆ ಇಳಿಸುತ್ತಾ ಬನ್ನಿ, ನಾಲಿಗೆಗೆ ಗೊತ್ತೇ ಆಗುವುದಿಲ್ಲ. ಬೆಲ್ಲ ಹಾಕಿದರೆ ತೂಕ ಏರದು ಎಂಬ ನಂಬಿಕೆ ಬೇಡ, ಕ್ಯಾಲೊರಿ ಹೆಚ್ಚುಕಡಿಮೆ ಅಷ್ಟೇ. ಅಡುಗೆ ಎಣ್ಣೆ ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಎಂಬುದು ಡಯಟಿಷಿಯನ್‌ಗಳು ಸಾಮಾನ್ಯವಾಗಿ ಹೇಳುವ ಲೆಕ್ಕ. ನಾಲ್ಕು ಜನರ ಮನೆಗೆ ಎರಡು ಲೀಟರ್. ತಿಂಗಳ ಸಾಮಾನು ತರುವಾಗಲೇ ಅಷ್ಟು ತಂದು ಅಷ್ಟರಲ್ಲೇ ಮುಗಿಸಿ.

ಇನ್ನು ರಾತ್ರಿಯ ವಿಷಯ. ಕ್ವೆಟಿಯಾಪಿನ್ ಅಥವಾ ಒಲಾಂಜಪಿನ್ ರಾತ್ರಿ ತೆಗೆದುಕೊಳ್ಳುವವರಿಗೆ ಇದು ಚೆನ್ನಾಗಿ ಗೊತ್ತು. ಒಂಬತ್ತೂವರೆಗೆ ಮಾತ್ರೆ ನುಂಗಿದ್ದಾಗಿದೆ. ಹತ್ತು ಗಂಟೆಯ ಹೊತ್ತಿಗೆ ಕಣ್ಣು ಎಳೆಯುತ್ತಿದೆ, ಆದರೆ ಹೊಟ್ಟೆ ಎರಡು ದಿನ ಊಟ ಕಾಣದ ಹಾಗೆ ಹಸಿಯುತ್ತದೆ. ಅಡುಗೆಮನೆಯ ಲೈಟು ಹಾಕದೆಯೇ ಕೈ ಬಿಸ್ಕತ್ತಿನ ಡಬ್ಬಕ್ಕೆ ಹೋಗುತ್ತದೆ. ಆಮೇಲೆ ಚಕ್ಕುಲಿ, ಆಮೇಲೆ ಫ್ರಿಜ್ಜಿನಲ್ಲಿ ಉಳಿದಿದ್ದ ಪಾಯಸ. ಬೆಳಗ್ಗೆ ಎದ್ದಾಗ ಎಷ್ಟು ತಿಂದದ್ದು ಎಂದು ಪೂರ್ತಿ ನೆನಪೂ ಇರುವುದಿಲ್ಲ. ಆ ಹೊತ್ತಿನಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳಿ ಅಂತ ಹೇಳುವುದರಿಂದ ಪ್ರಯೋಜನ ಇಲ್ಲ. ಮಂಪರಿನಲ್ಲಿ ಗಟ್ಟಿ ಮಾಡಿಕೊಳ್ಳುವ ಮನಸ್ಸೇ ಇರುವುದಿಲ್ಲ. ಹಾಗಾಗಿ ಹಗಲೇ ಏರ್ಪಾಟು ಮಾಡಬೇಕು.

ರಾತ್ರಿ ಊಟ ಎಂಟರ ಒಳಗೆ, ಅದರಲ್ಲಿ ಕಾಳು, ಮೊಟ್ಟೆ, ಮೊಸರು ಏನಾದರೂ ಇರಲೇಬೇಕು. ಬರೀ ಅನ್ನ ರಸಂ ಉಂಡರೆ ಹತ್ತಕ್ಕೆ ಹಸಿವು ಖಂಡಿತ. ಮಾತ್ರೆಯ ಹೊತ್ತು ಹಿಂದೆ ಮುಂದೆ ಮಾಡಬಹುದೇ ಎಂದು ಡಾಕ್ಟರನ್ನು ಕೇಳಿ. ಮಾತ್ರೆ ನುಂಗಿ, ಹಲ್ಲುಜ್ಜಿ, ಸೀದಾ ಹಾಸಿಗೆಗೆ. ಟಿವಿ, ಮೊಬೈಲ್ ಹಿಡಿದು ಕೂತರೆ ಹಸಿವಿನ ಆ ಒಂದು ಗಂಟೆ ಎಚ್ಚರದಲ್ಲೇ ಕಳೆಯಬೇಕಾಗುತ್ತದೆ. ಆದರೂ ತಡೆಯದಿದ್ದರೆ ಅಂತ ಒಂದು ತಟ್ಟೆ ಮೊದಲೇ ಮುಚ್ಚಿಟ್ಟಿರಿ: ಹೆಚ್ಚಿದ ಸೌತೆಕಾಯಿ, ಒಂದು ಹಿಡಿ ಹುರಿಗಡಲೆ, ಒಂದು ಲೋಟ ನೀರುಮಜ್ಜಿಗೆ. ಬಿಸ್ಕತ್ತು, ರಸ್ಕು, ಖಾರಾ ಮಿಕ್ಸ್ಚರ್ ಮನೆಗೆ ತರುವುದನ್ನೇ ನಿಲ್ಲಿಸಿ. ಮಕ್ಕಳಿಗೆ ಬೇಕೇ ಬೇಕೆಂದರೆ ಬೇಕರಿಯಲ್ಲೇ ಕೊಡಿಸಿ, ಅಲ್ಲೇ ತಿನ್ನಲಿ.

ಲುರಾಸಿಡೋನ್ ತೆಗೆದುಕೊಳ್ಳುವವರಿಗೆ ಇದಕ್ಕೆ ತದ್ವಿರುದ್ಧದ ಎಚ್ಚರಿಕೆ. ಅದನ್ನು ಕನಿಷ್ಠ 350 ಕ್ಯಾಲೊರಿಯ ಊಟದ ಜೊತೆಯೇ ತೆಗೆದುಕೊಳ್ಳಬೇಕು. ಅಂದರೆ ಎರಡು ಚಪಾತಿ, ಪಲ್ಯ, ಒಂದು ಬಟ್ಟಲು ಮೊಸರಿನಷ್ಟು. ತೂಕ ಇಳಿಸಲು ರಾತ್ರಿ ಊಟ ಬಿಟ್ಟು ಬರೀ ಹಣ್ಣು ತಿಂದು ಮಾತ್ರೆ ನುಂಗಿದರೆ ಅದು ಮೈಗೆ ಸರಿಯಾಗಿ ಸೇರುವುದೇ ಇಲ್ಲ. ಮಾತ್ರೆ ತಪ್ಪದೆ ತಿಂದರೂ ಕಾಯಿಲೆ ಮರುಕಳಿಸಬಹುದು.

ಲಿಥಿಯಂ ತೆಗೆದುಕೊಳ್ಳುವವರು ಇದನ್ನು ಎರಡು ಸಲ ಓದಿ

ಲಿಥಿಯಂ ರಕ್ತದಲ್ಲಿ ಒಂದು ಸಣ್ಣ ಅಳತೆಯೊಳಗೇ ಇರಬೇಕು. ಸಾಮಾನ್ಯವಾಗಿ ಲ್ಯಾಬ್ ವರದಿಯ mmol/L ಲೆಕ್ಕದಲ್ಲಿ 0.6ರಿಂದ 1.0ರ ಒಳಗೆ. ಸ್ವಲ್ಪ ಏರಿದರೂ ಅದು ವಿಷವಾಗಬಹುದು. ಮೈಯಲ್ಲಿ ಉಪ್ಪು ಅಥವಾ ನೀರು ಕಡಿಮೆಯಾದರೆ ಮೂತ್ರಪಿಂಡ ಲಿಥಿಯಂ ಅನ್ನು ಹೊರಹಾಕದೆ ಒಳಗೇ ಹಿಡಿದಿಡುತ್ತದೆ. ತೂಕ ಇಳಿಸುವವರು ಮಾಡುವ ಎಷ್ಟೋ ಕೆಲಸಗಳು ಇದಕ್ಕೇ ದಾರಿ ಮಾಡುತ್ತವೆ.

ಒಂದೇ ಸಲ ಉಪ್ಪು ಬಿಡಬೇಡಿ, ದಿನಾ ಒಂದೇ ಸಮ ಇರಲಿ. ಕೀಟೋ ಡಯಟ್, ಭೇದಿ ಮಾಡಿಸುವ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ ಹತ್ತಿರ ಸೇರಿಸಬೇಡಿ. ರಾಯಚೂರು, ಕಲಬುರಗಿ, ಬಳ್ಳಾರಿಯ ಬೇಸಿಗೆಯಲ್ಲಿ ಹಗಲು ಓಟ ಬೇಡ. ಬೆವರು ಸುರಿದ ದಿನ ನೀರು, ಉಪ್ಪು ಹಾಕಿದ ಮಜ್ಜಿಗೆ ಜಾಸ್ತಿ ಕುಡಿಯಿರಿ. ದಿನಕ್ಕೆ ನಾಲ್ಕೈದು ಲೋಟ ಫಿಲ್ಟರ್ ಕಾಫಿ ಕುಡಿಯುವವರು ಒಮ್ಮೆಲೇ ನಿಲ್ಲಿಸಬೇಡಿ. ಕಾಫಿ ಲಿಥಿಯಂ ಅನ್ನು ಹೊರಹಾಕಲು ನೆರವಾಗುತ್ತದೆ. ಅದು ನಿಂತರೆ ಮಟ್ಟ ಏರಬಹುದು. ಇಳಿಸುವುದಾದರೆ ನಿಧಾನವಾಗಿ, ಡಾಕ್ಟರಿಗೆ ಹೇಳಿ.

ಬಾಯಾರಿಕೆಗೆ ನೀರೇ ಸರಿ. 300 ಮಿ.ಲೀ. ಕೋಲಾದಲ್ಲಿ 30 ಗ್ರಾಂಗಿಂತ ಹೆಚ್ಚು ಸಕ್ಕರೆ ಇರುತ್ತದೆ. ಪ್ಯಾಕೆಟ್ ಜ್ಯೂಸೂ ಅದಕ್ಕಿಂತ ದೊಡ್ಡ ಸಾಚಾ ಅಲ್ಲ. ಸಕ್ಕರೆ ಹಾಕದ ನಿಂಬೆ ನೀರು, ಜೀರಿಗೆ ನೀರು, ನೀರುಮಜ್ಜಿಗೆ ಇಟ್ಟುಕೊಳ್ಳಿ.

ಇನ್ನೊಂದು ಅಪಾಯ ಯಾರೂ ನೆನೆಸಿರುವುದಿಲ್ಲ. ವಾಕಿಂಗ್ ಶುರು ಮಾಡಿದ ವಾರ ಮೊಣಕಾಲು ನೋವು. ಮೆಡಿಕಲ್ ಶಾಪಿನಲ್ಲಿ ಕೇಳಿ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ತಂದು ನುಂಗುತ್ತಾರೆ. ಇವು ಲಿಥಿಯಂ ಮಟ್ಟ ಏರಿಸುತ್ತವೆ. ನೋವಿಗೆ ಪ್ಯಾರಾಸಿಟಮಾಲ್ ಇವಕ್ಕಿಂತ ಸುರಕ್ಷಿತ. ಅಂಗಡಿಯವರಿಗೆ "ನಾನು ಲಿಥಿಯಂ ತಗೋತೀನಿ" ಎಂದು ಮೊದಲೇ ಹೇಳಿ.

ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ನಡೆಯುವಾಗ ತೂರಾಡುವುದು, ಮಾತು ತೊದಲುವುದು, ವಿಪರೀತ ಮಂಪರು ಕಂಡರೆ ಮುಂದಿನ ಡೋಸ್ ತೆಗೆದುಕೊಳ್ಳದೆ ಆಗಲೇ ಆಸ್ಪತ್ರೆಗೆ ಹೋಗಿ. ಬೆಳಗಾಗಲಿ ಎಂದು ಕಾಯಬೇಡಿ. ಆಹಾರ ಅಥವಾ ವ್ಯಾಯಾಮ ದೊಡ್ಡದಾಗಿ ಬದಲಿಸಿದರೆ ಲಿಥಿಯಂ ಮಟ್ಟ ಒಮ್ಮೆ ನೋಡಿಸಿ. ರಕ್ತ ಕೊಡಬೇಕಾದ್ದು ಕೊನೆಯ ಡೋಸ್ ಆಗಿ 12 ಗಂಟೆಗೆ. ಅದೇ ಸಲ ಥೈರಾಯ್ಡ್‌ನ ಟಿಎಸ್‌ಎಚ್, ಮೂತ್ರಪಿಂಡದ ಕ್ರಿಯಾಟಿನಿನ್ ಕೂಡ ನೋಡಿಸಿಬಿಡಿ. ಟಿಎಸ್‌ಎಚ್ ಏರಿದ್ದರೆ ಥೈರಾಯ್ಡ್ ಮಾತ್ರೆ ಬೇಕಾಗಬಹುದು. ಅದನ್ನು ಸರಿಪಡಿಸದೆ ಎಷ್ಟು ನಡೆದರೂ ತೂಕ ಜಗ್ಗುವುದಿಲ್ಲ.

ಹೆಜ್ಜೆ 4: ನಡಿಗೆ, ಆದರೆ ನಿದ್ದೆಯನ್ನು ಕದ್ದು ಅಲ್ಲ

ವಾರಕ್ಕೆ 150 ನಿಮಿಷ ಬಿರುಸು ನಡಿಗೆ ಗುರಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು. ಮಾತ್ರೆಯ ಮಂಪರು ಬೆಳಗ್ಗೆ ಎಂಟರವರೆಗೂ ಬಿಡದಿದ್ದರೆ ಐದಕ್ಕೇ ಏಳುವ ಹಠ ಯಾಕೆ? ಸಂಜೆ ಐದೂವರೆಗೆ ನಡೆಯಿರಿ. ಬೈಪೋಲಾರ್‌ನಲ್ಲಿ ನಿದ್ದೆ ಕೆಡುವುದು ಮೇನಿಯಾಗೆ ಬಾಗಿಲು. ನಿದ್ದೆಗೆಟ್ಟು ಜಿಮ್ಮಿಗೆ ಹೋಗಿ ಇಳಿಸಿದ ತೂಕಕ್ಕೆ ಬಹಳ ಬೆಲೆ ತೆರಬೇಕಾಗುತ್ತದೆ.

ಮನಸ್ಸು ಕುಗ್ಗಿರುವ ವಾರ 150 ನಿಮಿಷದ ಮಾತೇ ಬೇಡ. ಚಪ್ಪಲಿ ಹಾಕಿಕೊಂಡು ಬೀದಿಯ ತುದಿಯವರೆಗೆ ಹೋಗಿ ಬಂದರೆ ಆ ದಿನದ ಕೆಲಸ ಆಯಿತು. ಅದನ್ನೂ ನೋಟ್‌ಬುಕ್‌ನಲ್ಲಿ ಬರೆಯಿರಿ. ವಾರಕ್ಕೆ ಎರಡು ದಿನ ಬಸ್ಕಿ, ಗೋಡೆ ಹಿಡಿದು ದಂಡ, ನಿಧಾನವಾದ ಸೂರ್ಯನಮಸ್ಕಾರ ಸೇರಿಸಿದರೆ ಸ್ನಾಯು ಉಳಿಯುತ್ತದೆ.

ಇದಕ್ಕೆ ವಿರುದ್ಧದ ಚಿತ್ರವೂ ಇದೆ. ಇದ್ದಕ್ಕಿದ್ದಂತೆ ದಿನಕ್ಕೆ ಎರಡು ಸಲ ಜಿಮ್ಮು, ನಾಲ್ಕು ಗಂಟೆ ನಿದ್ದೆ ಮಾಡಿದರೂ ಸುಸ್ತಿಲ್ಲ, ಊಟವೇ ಬೇಡ, ತೂಕ ಸರಸರ ಇಳಿಯುತ್ತಿದೆ, ಎಲ್ಲರೂ ಶಭಾಷ್ ಅನ್ನುತ್ತಿದ್ದಾರೆ. ಇದು ಮೇನಿಯಾದ ಶುರು ಇರಬಹುದು. ತೂಕ ಇಳಿದ ಖುಷಿಯಲ್ಲಿ ಮನೆಯವರಿಗೆ ಇದು ಕಾಣದೇ ಹೋಗುತ್ತದೆ. ನಿದ್ದೆಯ ಸಾಲು ಬರೆಯಿರಿ ಅಂದದ್ದು ಇದಕ್ಕೂ ಹೌದು.

ಉಪವಾಸ, ಜಾಗರಣೆ ಮತ್ತು ಸ್ಲಿಮ್ಮಿಂಗ್ ಪುಡಿ

ಏಕಾದಶಿ, ಸಂಕಷ್ಟಿ, ಶಿವರಾತ್ರಿ, ರಂಜಾನ್. ಉಪವಾಸ ನಂಬಿಕೆಯ ವಿಷಯ, ಬಿಡಿ ಎನ್ನುವುದು ನನ್ನ ಕೆಲಸವಲ್ಲ. ಆದರೆ ಲಿಥಿಯಂ ತೆಗೆದುಕೊಳ್ಳುವವರು ನೀರೂ ಕುಡಿಯದ ಉಪವಾಸಕ್ಕೆ ಮೊದಲು ಡಾಕ್ಟರನ್ನು ಕೇಳಲೇಬೇಕು. ರಂಜಾನ್‌ಗೆ ಒಂದು ತಿಂಗಳು ಮೊದಲೇ ಹೋಗಿ, ಡೋಸಿನ ಹೊತ್ತು ಹೊಂದಿಸಿಕೊಳ್ಳಬಹುದೇ ಎಂದು ಕೇಳಿ. ಶಿವರಾತ್ರಿಯಲ್ಲಿ ಉಪವಾಸಕ್ಕಿಂತ ಜಾಗರಣೆಯ ಅಪಾಯ ದೊಡ್ಡದು. ಒಂದು ರಾತ್ರಿಯ ನಿದ್ದೆ ಪೂರ್ತಿ ಹೋದರೆ ಕೆಲವರಿಗೆ ಮೇನಿಯಾ ಶುರುವಾಗಲು ಅಷ್ಟೇ ಸಾಕು. ಸಂಜೆಯ ಪೂಜೆ ಮುಗಿಸಿ ಮಲಗಿ.

ತೂಕ ಇಳಿಸುವ ಪುಡಿ, ಗುಳಿಗೆಗಳನ್ನು ಆನ್‌ಲೈನಿನಲ್ಲಿ ತರಿಸಬೇಡಿ. ಮಲೆನಾಡಿನವರಿಗೆ ಗೊತ್ತಿರುವ ಉಪ್ಪಾಗೆ ಎಂಬ ಹುಳಿ ಹಣ್ಣಿನ ಉದಾಹರಣೆ ನೋಡಿ. ಅದರ ಸಿಪ್ಪೆಯ ಸಾರವನ್ನು ಗಾರ್ಸೀನಿಯಾ ಎಂಬ ಹೆಸರಲ್ಲಿ ಗುಳಿಗೆ ಮಾಡಿ ಲೋಕವೆಲ್ಲ ಮಾರುತ್ತಾರೆ. ಅಂಥ ಗುಳಿಗೆ ತಿಂದ ಮೇಲೆ ಮೇನಿಯಾ ಬಂದ ಪ್ರಕರಣಗಳನ್ನು ವೈದ್ಯರು ವರದಿ ಮಾಡಿದ್ದಾರೆ. ಸಾರಿಗೆ ಹಾಕುವ ಹುಳಿಯ ಅಳತೆಯೇ ಬೇರೆ, ಗುಳಿಗೆಯಲ್ಲಿ ಸೇರಿಸುವ ಸಾರದ ಅಳತೆಯೇ ಬೇರೆ. "ಫ್ಯಾಟ್ ಬರ್ನರ್" ಅಂತ ಮಾರುವವುಗಳಲ್ಲಿ ಕೆಫೀನ್‌ನಂಥ ಉತ್ತೇಜಕಗಳು ಇರುತ್ತವೆ, ಅವು ನಿದ್ದೆ ಕೆಡಿಸುತ್ತವೆ. ಆಯುರ್ವೇದದ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದರ ಡಬ್ಬಿಯನ್ನೇ ಮನೋವೈದ್ಯರಿಗೆ ತೋರಿಸಿ.

ಹೆಜ್ಜೆ 5: ತೂಕಕ್ಕೇ ಮಾತ್ರೆ

ಊಟ, ನಡಿಗೆ ಸರಿಮಾಡಿದರೂ ತೂಕ ನಿಲ್ಲದಿದ್ದರೆ ಅದು ನಿಮ್ಮ ಸೋಲಲ್ಲ. ಆಗ ಮೆಟ್‌ಫಾರ್ಮಿನ್ ಬಗ್ಗೆ ಕೇಳಿ. ಇದು ಶುಗರ್ ಮಾತ್ರೆ. ಒಲಾಂಜಪಿನ್‌ನಂಥವುಗಳಿಂದ ಏರಿದ ತೂಕಕ್ಕೂ ಇದನ್ನು ಕೊಡುತ್ತಾರೆ. ಬೇಗ ಶುರು ಮಾಡಿದರೆ ಉಪಯೋಗ ಹೆಚ್ಚು. ಸಾಮಾನ್ಯವಾಗಿ 500 ಮಿ.ಗ್ರಾಂ.ನಿಂದ ಶುರು ಮಾಡಿ, ಊಟದ ಜೊತೆ ಕೊಟ್ಟು, ನಿಧಾನವಾಗಿ ಏರಿಸುತ್ತಾರೆ. ಮೊದಲ ವಾರಗಳಲ್ಲಿ ಹೊಟ್ಟೆ ಕೆಡುವುದುಂಟು. ಭೇದಿ ಜಾಸ್ತಿಯಾದರೆ ಲಿಥಿಯಂನವರು ಕೂಡಲೇ ಹೇಳಬೇಕು. ಮೂತ್ರಪಿಂಡದ ಪರೀಕ್ಷೆ ಮೊದಲೇ ಆಗಿರಬೇಕು. ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಇಳಿಯಬಹುದು, ಸಸ್ಯಾಹಾರಿಗಳಿಗೆ ಇದು ಇನ್ನೂ ಮುಖ್ಯ. ಇದರಿಂದ ಹತ್ತು ಕೆ.ಜಿ. ಇಳಿಯುತ್ತದೆ ಎಂದುಕೊಳ್ಳಬೇಡಿ. ಸರಾಸರಿ ಮೂರು ಕೆ.ಜಿ. ಆಸುಪಾಸು. ಆದರೆ ಏರುವುದನ್ನು ತಡೆದರೆ ಅದೇ ದೊಡ್ಡದು.

ಈಗ ಎಲ್ಲರ ಬಾಯಲ್ಲೂ ಇರುವುದು ಇಂಜೆಕ್ಷನ್. ಟಿರ್ಜೆಪಟೈಡ್ 2025ರ ಮಾರ್ಚ್‌ನಲ್ಲಿ, ತೂಕ ಇಳಿಸುವ ಸೆಮಾಗ್ಲುಟೈಡ್ ಅದೇ ವರ್ಷದ ಜೂನ್‌ನಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದವು. ತೂಕ ಚೆನ್ನಾಗಿ ಇಳಿಸುತ್ತವೆ. ಆದರೆ ವಾಂತಿ, ಊಟ ಸೇರದಿರುವುದು ಸಾಮಾನ್ಯ, ಆಗ ನೀರಿನಂಶ ಕಡಿಮೆಯಾಗಿ ಲಿಥಿಯಂ ಏರಬಹುದು. ತೂಕದ ಕ್ಲಿನಿಕ್ಕಿನವರು ಬರೆದುಕೊಟ್ಟರೂ ಮನೋವೈದ್ಯರಿಗೆ ಹೇಳದೆ ಶುರು ಮಾಡಬೇಡಿ. ಟೋಪಿರಮೇಟ್ ಎಂಬ ಇನ್ನೊಂದು ಮಾತ್ರೆಯೂ ಹಸಿವು ಇಳಿಸುತ್ತದೆ. ಕೆಲವರಿಗೆ ಅದರಿಂದ ಮಾತಿಗೆ ಪದ ಸಿಗದಂತಾಗುತ್ತದೆ. ವಾಲ್ಪ್ರೊಯೇಟ್ ಜೊತೆ ಕೊಡುವಾಗ ಡಾಕ್ಟರ್ ಎಚ್ಚರಿಕೆಯಿಂದ ಇರಬೇಕಾಗುತ್ತದೆ.

ಮನೆಯವರಿಗೆ

ಒಬ್ಬರಿಗೆ ಮಾತ್ರ ಸಪ್ಪೆ ಊಟ ಬಡಿಸಿ ಉಳಿದವರು ಎದುರಿಗೇ ಬಜ್ಜಿ ತಿನ್ನಬೇಡಿ. ಇಡೀ ಮನೆಯ ತಟ್ಟೆ ಬದಲಾಗಲಿ, ಬಿಪಿ ಶುಗರ್ ಇರುವ ಅಪ್ಪ ಅಮ್ಮನಿಗೂ ಅದೇ ಊಟ ಒಳ್ಳೆಯದು. ಬಡಿಸುವಾಗ "ಇನ್ನೊಂಚೂರು ಹಾಕ್ಕೋ" ಎಂಬ ಒತ್ತಾಯ ಬೇಡ. ದಪ್ಪದ ಬಗ್ಗೆ ತಮಾಷೆಯಂತೂ ಬೇಡವೇ ಬೇಡ. ನೆಂಟರು ಕೇಳಿದರೆ ಪಕ್ಕದಲ್ಲಿರುವ ನೀವೇ ಉತ್ತರ ಕೊಡಿ: "ಟ್ರೀಟ್‌ಮೆಂಟ್ ನಡೀತಿದೆ ಅತ್ತೆ, ಈಗ ಆರಾಮಿದಾಳೆ." ಅಷ್ಟಕ್ಕೇ ಮಾತು ನಿಲ್ಲುತ್ತದೆ. ತಟ್ಟೆ ಕಾಯುವ ಪೊಲೀಸ್ ಆಗುವುದಕ್ಕಿಂತ ಸಂಜೆ ಜೊತೆಯಲ್ಲಿ ನಡೆಯಲು ಹೋಗುವುದು ನೂರು ಪಾಲು ಮೇಲು.

ರಾತ್ರಿ ಜೋರು ಗೊರಕೆ, ಮಧ್ಯೆ ಉಸಿರು ನಿಂತಂತಾಗುವುದು, ಹಗಲೆಲ್ಲ ತೂಕಡಿಕೆ ಇವನ್ನು ಗಮನಿಸುವವರೂ ನೀವೇ. ತೂಕ ಏರಿದ ಮೇಲೆ ಇದು ಶುರುವಾಗಿದ್ದರೆ ಡಾಕ್ಟರಿಗೆ ಹೇಳಿ. ಕೆಲವೇ ದಿನದಲ್ಲಿ ಮೂರು ನಾಲ್ಕು ಕೆ.ಜಿ. ಏರಿ ಕಾಲು ಊದಿಕೊಂಡರೆ ಅದು ಬೊಜ್ಜಲ್ಲ, ನೀರು. ಉಸಿರಾಟಕ್ಕೂ ಕಷ್ಟವಾದರೆ ಅವತ್ತೇ ತೋರಿಸಬೇಕು. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ ಬಂದರೆ ಅದು ಲಿಥಿಯಂನಿಂದ ಎಂದು ಸುಮ್ಮನಾಗದೆ ಶುಗರ್ ನೋಡಿಸಿ.

ಮೂರು ತಿಂಗಳಾದ ಮೇಲೆ

ಮೊದಲ ಗುರಿ ಇಳಿಸುವುದಲ್ಲ, ಏರುವುದನ್ನು ನಿಲ್ಲಿಸುವುದು. ಎರಡು ತಿಂಗಳು ತೂಕ ಒಂದೇ ಕಡೆ ನಿಂತರೆ ದಾರಿ ಸರಿಯಿದೆ. ಆಮೇಲೆ ವಾರಕ್ಕೆ ಕಾಲು ಕೆ.ಜಿ.ಯಿಂದ ಅರ್ಧ ಕೆ.ಜಿ.ವರೆಗೆ ಇಳಿದರೆ ಸಾಕು. 80 ಕೆ.ಜಿ. ಇರುವವರು 4 ಕೆ.ಜಿ. ಇಳಿಸಿದರೇ ಶುಗರ್, ಬಿಪಿಯಲ್ಲಿ ವ್ಯತ್ಯಾಸ ಕಾಣುತ್ತದೆ, ಹಳೇ ತೂಕಕ್ಕೆ ಪೂರ್ತಿ ಬರಲೇಬೇಕೆಂದಿಲ್ಲ.

ಮೂರು ತಿಂಗಳಾದರೂ ಏರುತ್ತಲೇ ಇದ್ದರೆ ನೋಟ್‌ಬುಕ್ ಹಿಡಿದು ಮತ್ತೆ ಹೋಗಿ. ಈ ಸಲ ಮಾತ್ರೆ ಬದಲಿಸುವುದು, ಮೆಟ್‌ಫಾರ್ಮಿನ್ ಸೇರಿಸುವುದು, ಥೈರಾಯ್ಡ್ ನೋಡಿಸುವುದು, ಈ ಮೂರರಲ್ಲಿ ಯಾವುದು ಎಂದು ನೇರವಾಗಿ ಕೇಳಿ. "ಮನಸ್ಸು ಸರಿಯಿದೆಯಲ್ಲ, ತೂಕ ಬಿಡಿ" ಎಂದು ತಳ್ಳಿಹಾಕಿದರೆ ಇನ್ನೊಬ್ಬ ಮನೋವೈದ್ಯರ ಅಭಿಪ್ರಾಯ ಪಡೆಯುವುದರಲ್ಲಿ ತಪ್ಪಿಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ, ಜಿಲ್ಲಾ ಆಸ್ಪತ್ರೆಗಳಲ್ಲೂ ಮನೋವೈದ್ಯರು ಸಿಗುತ್ತಾರೆ. ಹೋಗುವಾಗ ಹಳೇ ಚೀಟಿಗಳು, ರಕ್ತ ಪರೀಕ್ಷೆಯ ವರದಿ, ನೋಟ್‌ಬುಕ್ ಮೂರನ್ನೂ ಒಯ್ಯಿರಿ. ಅಲ್ಲಿಯ ಉತ್ತರ ಸಿಗುವವರೆಗೆ ಈಗಿನ ಮಾತ್ರೆ ಈಗಿನ ಡೋಸಿನಲ್ಲೇ ನಡೆಯಲಿ.